ಗ್ವಾಲಿಯಾ: ಜನರಿಲ್ಲದ ಚಿನ್ನದ ಗಣಿಯೂರನ್ನು ನೋಡಲು ಅಷ್ಟು ದೂರ ಹೋಗಬಹುದೇ?

ಪ್ರಶ್ನೆ (ಪ್ರವಾಸಾಸಕ್ತೆ)

ನಮಸ್ಕಾರ. ಬರುವ ಆಗಸ್ಟ್ ತಿಂಗಳಲ್ಲಿ ನಾವು ದಂಪತಿ ಮಗಳ ಮನೆಗೆಂದು ಪರ್ತ್‌ಗೆ ಹೋಗುತ್ತಿದ್ದೇವೆ, ಜೊತೆಯಲ್ಲಿ ನಮ್ಮ ಅತ್ತೆಯವರೂ ಬರುತ್ತಾರೆ. ಅತ್ತೆಯವರಿಗೆ ಎಪ್ಪತ್ತು ದಾಟಿದೆ. ನಡಿಗೆ ನಿಧಾನವೇ ಹೊರತು ಉತ್ಸಾಹಕ್ಕೆ ಕೊರತೆಯಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಗ್ವಾಲಿಯಾ ಎಂಬ ಪಾಳುಬಿದ್ದ ಚಿನ್ನದ ಗಣಿಯೂರನ್ನು ಇದ್ದ ಹಾಗೆಯೇ ಕಾಪಾಡಿ ಇಟ್ಟಿದ್ದಾರೆಂದು ಓದಿದ ಮೇಲೆ ಅದನ್ನು ನೋಡಬೇಕೆಂಬ ಆಸೆ ನನ್ನಲ್ಲಿ ಬಲವಾಗಿದೆ. ಆದರೆ ಮಗಳು, ‘ಎಂಟುನೂರು ಕಿಲೋಮೀಟರ್ ಹೋಗಿ ತಗಡಿನ ಗುಡಿಸಲು ನೋಡುವುದೇ? ಅದರ ಬದಲು ಸಮುದ್ರತೀರಕ್ಕೆ ಹೋಗೋಣ’ ಎನ್ನುತ್ತಿದ್ದಾಳೆ.

ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಷ್ಟು ದೂರದ ಪ್ರಯಾಣಕ್ಕೆ ತಕ್ಕಷ್ಟು ನೋಡುವಂಥದ್ದು ಅಲ್ಲಿದೆಯೇ? ಸಾಮಾನ್ಯ ಬಾಡಿಗೆ ಕಾರಿನಲ್ಲಿ ತಲುಪಬಹುದೇ? ಎಷ್ಟು ಸಮಯ ಇಟ್ಟುಕೊಳ್ಳಬೇಕು? ಹಿರಿಯರನ್ನು ಕರೆದುಕೊಂಡು ಹೋಗಲು ಆ ಸ್ಥಳ ಅನುಕೂಲವೇ? ಹಾಗೆಯೇ ಆ ಊರನ್ನು ನೋಡುವಾಗ ಏನನ್ನು ಗಮನಿಸಬೇಕೆಂದು ಬಲ್ಲವರು ಹೇಳಿದರೆ ಬಹಳ ಉಪಕಾರವಾಗುತ್ತದೆ, ಏಕೆಂದರೆ ಗಣಿಗಾರಿಕೆಯ ಬಗ್ಗೆ ನಮಗೆ ಏನೂ ತಿಳಿಯದು.

ಉತ್ತರ (ದಾರಿಹೋಕ)

ನಮಸ್ಕಾರ ಮೇಡಂ. ನಾನು ಪರ್ತ್‌ನಲ್ಲಿ ನೆಲೆಸಿರುವವನು, ದಾರಿಯ ವಿಷಯವನ್ನಷ್ಟೇ ಹೇಳುತ್ತೇನೆ. ಗಣಿಯ ವಿಷಯವನ್ನು ಬಲ್ಲವರು ಹೇಳಲಿ.

ಪರ್ತ್‌ನಿಂದ ಕಾಲ್ಗೂರ್ಲಿಗೆ ಸುಮಾರು 595 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ ಮೆಂಜೀಸ್ ಊರಿನ ಮೂಲಕ ಲಿಯೊನೋರಾ ಪಟ್ಟಣಕ್ಕೆ ಸುಮಾರು 235 ಕಿಲೋಮೀಟರ್. ಗ್ವಾಲಿಯಾ ಇರುವುದು ಲಿಯೊನೋರಾಕ್ಕೆ ನಾಲ್ಕು ಕಿಲೋಮೀಟರ್ ಇತ್ತ, ದಕ್ಷಿಣಕ್ಕೆ. ಉದ್ದಕ್ಕೂ ಡಾಂಬರು ರಸ್ತೆಯೇ ಇರುವುದರಿಂದ ಸಾಮಾನ್ಯ ಕಾರು ಸಾಕು. ಇಡೀ ದೂರವನ್ನು ಒಂದೇ ದಿನದಲ್ಲಿ ಕಾರಿನಲ್ಲಿ ಕ್ರಮಿಸುವುದು ಹಿರಿಯರಿಗೆ ಶಿಕ್ಷೆಯೇ ಸರಿ. ಹಾಗಾಗಿ ಪೂರ್ವ ಪರ್ತ್ ನಿಲ್ದಾಣದಿಂದ ‘ಪ್ರಾಸ್ಪೆಕ್ಟರ್’ ರೈಲನ್ನು ಹಿಡಿದು ಕಾಲ್ಗೂರ್ಲಿ ತಲುಪಿ (ಏಳು ಗಂಟೆಯೊಳಗಿನ ಪ್ರಯಾಣ, ಆಸನಗಳು ಆರಾಮವಾಗಿವೆ), ರಾತ್ರಿ ಅಲ್ಲೇ ತಂಗಿ, ಮರುದಿನ ಬೆಳಗ್ಗೆ ಕಾಲ್ಗೂರ್ಲಿಯಲ್ಲೇ ಬಾಡಿಗೆ ಕಾರನ್ನು ತೆಗೆದುಕೊಳ್ಳುವುದು ಮೇಲು. ಎರಡೂವರೆ ಗಂಟೆಯಲ್ಲಿ ಗ್ವಾಲಿಯಾದಲ್ಲಿರುತ್ತೀರಿ.

ಕಾರನ್ನು ಬಾಡಿಗೆಗೆ ಪಡೆಯುವಾಗ ಕರಾರುಪತ್ರವನ್ನು ಪೂರ್ತಿ ಓದಿಕೊಳ್ಳಿ. ಮಣ್ಣುರಸ್ತೆಗೆ ಇಳಿಸುವಂತಿಲ್ಲ, ಊರಾಚೆ ಕತ್ತಲಾದ ಮೇಲೆ ಓಡಿಸುವಂತಿಲ್ಲ, ದಿನಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂಬ ಷರತ್ತುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಾಮಾನ್ಯ. ಮೆಂಜೀಸ್‌ನಿಂದ ಪಶ್ಚಿಮಕ್ಕೆ ಐವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಬ್ಯಾಲರ್ಡ್ ಉಪ್ಪುಸರೋವರದ ಮೇಲೆ ಶಿಲ್ಪಿ ಆಂಟನಿ ಗೋರ್ಮ್ಲಿ 2003ರಲ್ಲಿ ನಿಲ್ಲಿಸಿದ 51 ಲೋಹದ ಪ್ರತಿಮೆಗಳಿವೆ. ನೋಡುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಆ ದಾರಿಯಲ್ಲಿ ಮಣ್ಣುರಸ್ತೆ ಇರಬಹುದು, ಆದ್ದರಿಂದ ಮೊದಲೇ ಕೇಳಿಕೊಂಡಿರಿ. ಷರತ್ತು ಇರಲಿ ಬಿಡಲಿ, ಮುಸ್ಸಂಜೆಯ ಮೇಲೆ ಓಡಿಸಲೇಬೇಡಿ. ಕಾಂಗರೂಗಳು ರಸ್ತೆಗೆ ಬರುವುದು ಆ ಹೊತ್ತಿನಲ್ಲೇ. ಐವತ್ತು ಮೀಟರಿಗೂ ಉದ್ದವಾದ ‘ರೋಡ್ ಟ್ರೇನ್’ ಲಾರಿಗಳು ಎದುರಾಗುತ್ತವೆ. ಅವುಗಳನ್ನು ಹಿಂದಿಕ್ಕುವಾಗ ನೀವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ದೂರ ಬೇಕಾಗುತ್ತದೆ.

ಆಗಸ್ಟ್ ತಿಂಗಳು ತಕ್ಕ ಕಾಲವೇ. ಜನವರಿಯಲ್ಲಿ ಲಿಯೊನೋರಾದ ಸರಾಸರಿ ಗರಿಷ್ಠ ಉಷ್ಣಾಂಶ 37 ಡಿಗ್ರಿ. ನಲವತ್ತು ದಾಟುವ ದಿನಗಳೂ ಅನೇಕ. ಚಳಿಗಾಲದಲ್ಲಾದರೆ ಹಗಲು ಹದಿನೆಂಟು, ಇಪ್ಪತ್ತರ ಆಸುಪಾಸಿನಲ್ಲಿ ಹಿತವಾಗಿರುತ್ತದೆ, ರಾತ್ರಿ ಆರೇಳು ಡಿಗ್ರಿಗೆ ಇಳಿಯುತ್ತದೆ. ಅತ್ತೆಯವರಿಗೆ ಸ್ವೆಟರ್ ಮರೆಯಬೇಡಿ. ಮಳೆ ಚೆನ್ನಾಗಿ ಆಗಿದ್ದರೆ ದಾರಿಯ ಎರಡೂ ಬದಿಯಲ್ಲಿ ಕಾಡುಹೂಗಳು ಕಾಣಿಸುತ್ತವೆ. ಕಾಲ್ಗೂರ್ಲಿಯನ್ನು ಬಿಡುವ ಮುನ್ನ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಕುಡಿಯುವ ನೀರನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಊರುಗಳ ನಡುವೆ ಮೊಬೈಲ್ ಸಂಪರ್ಕ ಸಿಗುವುದೆಂದು ನಂಬಿಕೊಳ್ಳಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ಗ್ವಾಲಿಯಾಕ್ಕೆ ಅರ್ಧ ದಿನ ಸಾಕು. ಉಳಿದ ಸಮಯವನ್ನು ಕಾಲ್ಗೂರ್ಲಿಯ ‘ಸೂಪರ್ ಪಿಟ್’ ಎಂಬ ಬೃಹತ್ ತೆರೆದ ಚಿನ್ನದ ಗಣಿಯನ್ನು ನೋಡಲು ಬಳಸಿಕೊಳ್ಳಿ.

ಉತ್ತರ (ಗಣಿ ಎಂಜಿನಿಯರ್)

ದಾರಿಯ ವಿಷಯದಲ್ಲಿ ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ‘ಅರ್ಧ ದಿನ ಸಾಕು’ ಎಂಬುದನ್ನು ನಾನು ಒಪ್ಪಲಾರೆ. ಗೋಲ್ಡ್‌ಫೀಲ್ಡ್ಸ್ ಪ್ರದೇಶದ ಗಣಿಗಳಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ಅಲ್ಲಿ ಹಾಳೂರುಗಳಿಗೇನೂ ಕೊರತೆಯಿಲ್ಲ. ಕೊರತೆಯಿರುವುದು ನೋಡಲು ಏನಾದರೂ ಉಳಿದಿರುವ ಹಾಳೂರುಗಳಿಗೆ. ಕಾಲ್ಗೂರ್ಲಿಯ ಬಳಿಯ ಕನೌನಾ ಎಂಬ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹನ್ನೆರಡು ಸಾವಿರ ಜನರಿದ್ದರು. ಇಂದು ಹೋದರೆ ಬಯಲಿನಲ್ಲಿ ‘ಇಲ್ಲಿ ಇಂಥ ಬೀದಿಯಿತ್ತು’ ಎಂದು ಹೇಳುವ ಫಲಕಗಳನ್ನಷ್ಟೇ ಓದಿಕೊಂಡು ಬರಬಹುದು. ಚಿನ್ನ ಮುಗಿದ ಊರಿನಲ್ಲಿ ತಗಡು, ಮರ, ಇಟ್ಟಿಗೆಗಳಿಗಿಂತ ಬೆಲೆಯುಳ್ಳ ವಸ್ತು ಬೇರೆ ಇರುತ್ತಿರಲಿಲ್ಲ. ಜನರು ಹೊರಡುವಾಗ ಮನೆಯನ್ನೇ ಬಿಚ್ಚಿಕೊಂಡು ಮುಂದಿನ ಗಣಿಗೆ ಹೋಗುತ್ತಿದ್ದರು.

ಗ್ವಾಲಿಯಾದಲ್ಲಿ ಹಾಗಾಗಲಿಲ್ಲ ಎಂಬುದೇ ಅದರ ವಿಶೇಷ. ಅಲ್ಲಿ 1896ರಲ್ಲಿ ಚಿನ್ನ ಸಿಕ್ಕಿತು. ಹುಡುಕಾಟಕ್ಕೆ ಹಣ ಹಾಕಿದವನು ಕೂಲ್‌ಗಾರ್ಡಿ ಪಟ್ಟಣದ, ವೇಲ್ಸ್ ಮೂಲದ ಅಂಗಡಿಕಾರನೊಬ್ಬ. ಗ್ವಾಲಿಯಾ ಎಂದರೆ ವೇಲ್ಸ್‌ನ ಹಳೆಯ ಹೆಸರು, ಆದ್ದರಿಂದಲೇ ಗಣಿಗೆ ‘ಸನ್ಸ್ ಆಫ್ ಗ್ವಾಲಿಯಾ’ (ಗ್ವಾಲಿಯಾದ ಮಕ್ಕಳು) ಎಂಬ ಹೆಸರು. ಲಂಡನ್ನಿನ ಬ್ಯೂಯಿಕ್ ಮೊರೀಂಗ್ ಸಂಸ್ಥೆಯ ಪರವಾಗಿ ಅದನ್ನು ಪರೀಕ್ಷಿಸಿ, ಕೊಳ್ಳಬಹುದೆಂದು ಶಿಫಾರಸು ಮಾಡಿ, 1898ರಲ್ಲಿ ಕೆಲವು ತಿಂಗಳು ಅದರ ವ್ಯವಸ್ಥಾಪಕನೂ ಆಗಿದ್ದ ಯುವ ಎಂಜಿನಿಯರ್ ಹರ್ಬರ್ಟ್ ಹೂವರ್; ಮುಂದೆ 1929ರಿಂದ 1933ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದವನು ಈತನೇ. ಗಣಿ 1963ರ ಡಿಸೆಂಬರಿನವರೆಗೆ ನಡೆಯಿತು. ಅಷ್ಟರಲ್ಲಿ ಅದರಿಂದ ಹೊರಬಂದ ಚಿನ್ನ ಸುಮಾರು 26 ಲಕ್ಷ ಔನ್ಸ್, ಎಂದರೆ 80 ಟನ್ನಿಗೂ ಹೆಚ್ಚು. ಕ್ರಿಸ್ಮಸ್ ಕಳೆದ ಬೆನ್ನಿಗೇ ಗಣಿಗೆ ಬೀಗ ಬಿತ್ತು, ಮತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಊರಿನಲ್ಲಿ ಮೂರೇ ವಾರಗಳಲ್ಲಿ ಉಳಿದವರು ನಲವತ್ತರಷ್ಟು ಮಂದಿ. ಬೇರೆ ಊರುಗಳು ವರ್ಷಗಟ್ಟಲೆ ಸೊರಗಿ ಸತ್ತವು. ಗ್ವಾಲಿಯಾವನ್ನು ಜನರು ಒಮ್ಮೆಲೇ ಬಿಟ್ಟು ಹೋದರು. ಹೊತ್ತೊಯ್ಯಲು ಪುರಸೊತ್ತೂ ಇರಲಿಲ್ಲ, ಹೊತ್ತೊಯ್ದು ಕಟ್ಟಿಕೊಳ್ಳಲು ಹತ್ತಿರದಲ್ಲಿ ಅಂಥ ಇನ್ನೊಂದು ಗಣಿಯೂ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಲಿಯೊನೋರಾದ ಸ್ಥಳೀಯರು ಉಳಿದದ್ದನ್ನು ಕಾಪಾಡಿಕೊಂಡು ಅಲ್ಲೊಂದು ವಸ್ತುಸಂಗ್ರಹಾಲಯವನ್ನು ತೆರೆದರು.

ಗಣಿ ಮುಚ್ಚಲು ಚಿನ್ನ ಮುಗಿದದ್ದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. 1934ರಿಂದ 1971ರವರೆಗೆ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಅಮೆರಿಕನ್ ಡಾಲರಿನಲ್ಲಿ ನಿಂತುಬಿಟ್ಟಿತ್ತು, ಅದೇ ಹೊತ್ತಿಗೆ ಕೂಲಿ, ಮರ, ಉಕ್ಕು ಎಲ್ಲದರ ಬೆಲೆಯೂ ಏರುತ್ತಿತ್ತು. ಗಣಿ ಒಂದು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಇಳಿದಷ್ಟೂ ಅದಿರನ್ನು ಮೇಲೆತ್ತುವ ಖರ್ಚು ಹೆಚ್ಚು. ಆಸ್ಟ್ರೇಲಿಯಾ ಸರ್ಕಾರ 1950ರ ದಶಕದಲ್ಲಿ ಚಿನ್ನದ ಗಣಿಗಳಿಗೆ ಸಹಾಯಧನ ಕೊಡತೊಡಗಿದರೂ ಲೆಕ್ಕ ಕೂಡಲಿಲ್ಲ. ಬೆಲೆಯ ಕಟ್ಟು ಬಿಚ್ಚಿ ಚಿನ್ನ ದುಬಾರಿಯಾದ ಮೇಲೆ, 1980ರ ದಶಕದಲ್ಲಿ, ಅದೇ ಜಾಗದಲ್ಲಿ ತೆರೆದ ಗುಂಡಿಯಾಗಿ ಗಣಿ ಮತ್ತೆ ಆರಂಭವಾಯಿತು. ಬಳಿಕ ಅದು ಮತ್ತೆ ನೆಲದಡಿಗೆ ಇಳಿದು ಈಗ ಒಂದೂವರೆ ಕಿಲೋಮೀಟರಿಗೂ ಆಳವಾಗಿದೆ. ಮಾಲೀಕರು ಬದಲಾಗುತ್ತ ಬಂದಿದ್ದಾರೆ, 2023ರಿಂದ ಜೆನೆಸಿಸ್ ಮಿನರಲ್ಸ್ ಎಂಬ ಕಂಪನಿ ನಡೆಸುತ್ತಿದೆ.

ಆದ್ದರಿಂದ ತಾವು ನೋಡಲಿರುವುದು ಸತ್ತ ಗಣಿಯ ಪಕ್ಕದ ಸತ್ತ ಊರನ್ನಲ್ಲ. ಗಣಿ ಬದುಕಿದೆ, ಅದರಿಂದ ಇಂದಿಗೂ ಚಿನ್ನ ಬರುತ್ತಿದೆ. ಇಲ್ಲದಿರುವುದು ಊರು ಮಾತ್ರ. ಇಂದಿನ ಗಣಿ ಕೆಲಸಗಾರರಲ್ಲಿ ಬಹುಪಾಲು ಜನರು ವಿಮಾನದಲ್ಲಿ ಬಂದು ಕೆಲವು ದಿನ ಶಿಬಿರದಲ್ಲಿದ್ದು ದುಡಿದು ಮತ್ತೆ ವಿಮಾನದಲ್ಲಿ ಮನೆಗೆ ಮರಳುವವರು. ಅವರು ಅಲ್ಲಿ ಮನೆ ಕಟ್ಟುವುದಿಲ್ಲ, ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸುವುದಿಲ್ಲ, ತೋಟ ಮಾಡುವುದಿಲ್ಲ. ವಸ್ತುಸಂಗ್ರಹಾಲಯದ ಬಳಿಯ ವೀಕ್ಷಣಾ ಸ್ಥಳದಿಂದ ಆ ದೊಡ್ಡ ಗುಂಡಿಯನ್ನು ನೋಡಿ, ಆಮೇಲೆ ಇಳಿಜಾರಿನ ಕೆಳಗಿರುವ ಕಾರ್ಮಿಕರ ಮನೆಗಳಿಗೆ ಹೋದರೆ ಈ ವ್ಯತ್ಯಾಸ ತಾನಾಗಿಯೇ ಮನಸ್ಸಿಗೆ ಬರುತ್ತದೆ. ಈ ಕ್ರಮದಲ್ಲೇ ನೋಡಬೇಕೆಂದು ನನ್ನ ಸಲಹೆ.

ಆ ಮನೆಗಳಿಗೆ ಅಲ್ಲಿಯವರು ‘ಕ್ಯಾಂಪ್’ ಎನ್ನುತ್ತಾರೆ. ಕಾಡಿನಿಂದ ಕಡಿದು ತಂದ ಮರದ ಕಂಬ, ಹೊರಗೆ ಅಲೆಯಲೆಯಾದ ತಗಡು, ಒಳಗೆ ಸುಣ್ಣ ಬಳಿದ ಗೋಣಿಬಟ್ಟೆಯ ಗೋಡೆ. (ಆ ಕಾಲದಲ್ಲಿ ಆಸ್ಟ್ರೇಲಿಯಾಕ್ಕೆ ಬರುತ್ತಿದ್ದ ಸೆಣಬಿನ ಬಟ್ಟೆಯಲ್ಲಿ ದೊಡ್ಡ ಪಾಲು ಬಂಗಾಳದ ಗಿರಣಿಗಳದ್ದು.) ಅಳತೆಪಟ್ಟಿ ಹಿಡಿದು ಕಟ್ಟಿದ ಮನೆಗಳಲ್ಲ, ಸಂಸಾರ ಬೆಳೆದಂತೆ ಒಂದು ಕೋಣೆ, ಕೈಯಲ್ಲಿ ಕಾಸು ಬಂದಾಗ ಒಂದು ಜಗಲಿ ಎಂಬಂತೆ ಬೆಳೆದವು. ಗಣಿಯ ಕಂಪನಿಗಳು ವ್ಯವಸ್ಥಾಪಕರಿಗೆ ಕಟ್ಟಿಸಿದ ಬಂಗಲೆಗಳು ಜಗತ್ತಿನ ಎಷ್ಟೋ ಕಡೆ ಉಳಿದಿವೆ. ಕೂಲಿಕಾರನು ತನ್ನ ಕೈಯಿಂದ ಕಟ್ಟಿಕೊಂಡ ಮನೆ ಒಲೆ, ಮಂಚ, ಪಾತ್ರೆಗಳ ಸಮೇತ ಉಳಿಯುವುದು ಬಲು ಅಪರೂಪ. ಒಂಟಿ ಗಂಡಸರು ಇರುತ್ತಿದ್ದ ಪಟ್ರೋನಿ ವಸತಿಗೃಹ, ಮಾಜ್ಜಾ ಅಂಗಡಿ ಮುಂತಾದವುಗಳೂ ಅಲ್ಲಿವೆ. ಒಳಗೆ ಹೋದಾಗ ಗೋಡೆಯ ಬಟ್ಟೆ ಹರಿದ ಕಡೆ ತಗಡಿನ ಸಂದಿಯಿಂದ ಬೆಳಕು ಬರುವುದನ್ನು ನೋಡಿ, ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಅಂಥ ಮನೆಯೊಳಗೆ ಸೌದೆ ಒಲೆ ಉರಿಸಿ ಅಡುಗೆ ಮಾಡಿದವರ ಪಾಡನ್ನು ಊಹಿಸಿಕೊಳ್ಳಿ. ಅತ್ತೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಯಂತ್ರಗಳ ವಿಷಯ. ಗಣಿಯ ಬಾಯಿಯ ಮೇಲೆ ನಿಂತು ಅದಿರನ್ನು ಮೇಲೆತ್ತಲು ಬಳಸುತ್ತಿದ್ದ, ಮರದ ದಿಮ್ಮಿಗಳಿಂದ ಕಟ್ಟಿದ ಎತ್ತುಗೋಪುರವನ್ನು ತಪ್ಪದೆ ನೋಡಿ. ಸಾಮಾನ್ಯವಾಗಿ ಗಣಿಯ ಬಾಯಿ ನೇರ ಕೆಳಗೆ ಇಳಿಯುತ್ತದೆ. ಇಲ್ಲಿ ಅದಿರಿನ ಪದರವೇ ಓರೆಯಾಗಿದ್ದುದರಿಂದ ಗಣಿಯ ಬಾಯಿಯೂ ಓರೆಯಾಗಿ ಇಳಿಯಿತು, ಅದಿರನ್ನು ಹಳಿಗಳ ಮೇಲೆ ಎಳೆದು ತಂದರು. ಅದಕ್ಕಾಗಿಯೇ ಗೋಪುರ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಹೂವರ್ ಕಾಲದ ವಿನ್ಯಾಸ ಅದು. ಅದನ್ನೂ, ಹಗ್ಗ ಸುತ್ತುವ ದೈತ್ಯ ಉಗಿಯಂತ್ರವನ್ನೂ ತೆರೆದ ಗಣಿ ಅಗೆಯುವ ಮುನ್ನ ಅಲ್ಲಿಂದ ಎತ್ತಿ ತಂದು ಈಗಿನ ಸ್ಥಳದಲ್ಲಿ ನಿಲ್ಲಿಸಿದರು. ಉಗಿ ಎಂದ ಮೇಲೆ ಸೌದೆ ಬೇಕಲ್ಲ. ಸುತ್ತಲಿನ ಮುಲ್ಗಾ ಮರಗಳನ್ನು ಕಡಿದು ಸಾಗಿಸಲೆಂದೇ ಕಂಪನಿ ಕಾಡಿನೊಳಗೆ ರೈಲುಹಳಿ ಹಾಕಿತ್ತು, ಒಂದು ಕಡೆ ಮರ ಮುಗಿದರೆ ಹಳಿಯನ್ನು ಕಿತ್ತು ಇನ್ನೊಂದು ಕಡೆಗೆ ಹಾಕುತ್ತಿದ್ದರು. ಗ್ವಾಲಿಯಾ ಸುತ್ತಲಿನ ಬಯಲನ್ನು ಪ್ರಕೃತಿಸಹಜವಾದ ಮರುಭೂಮಿಯೆಂದು ಭಾವಿಸುವವರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಉತ್ತರ (ಹಳೆಯ ಪುಟ)

ಎಂಜಿನಿಯರ್ ಮಹಾಶಯರು ಚೆನ್ನಾಗಿ ವಿವರಿಸಿದ್ದಾರೆ. ಒಂದೇ ಮಾತು ಸೇರಿಸಬೇಕೆನಿಸುತ್ತದೆ. ಗ್ವಾಲಿಯಾದ ಬಗ್ಗೆ ಬರುವ ಪ್ರವಾಸಿ ಬರಹಗಳಲ್ಲೆಲ್ಲ ಹೂವರ್ ಹೆಸರೇ ಮೆರೆಯುತ್ತದೆ. ಅವನು ಅಲ್ಲಿದ್ದದ್ದು ಕೆಲವೇ ತಿಂಗಳು. ಅವನ ಹೆಸರಿನಲ್ಲಿರುವ ಮನೆ ಪೂರ್ಣಗೊಳ್ಳುವ ಹೊತ್ತಿಗೆ ಅವನು ಚೀನಾಕ್ಕೆ ಹೊರಟಾಗಿತ್ತು. ಊರನ್ನು ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿದವರು ಇಟಲಿಯಿಂದಲೂ ಇಂದಿನ ಕ್ರೊಯೇಷಿಯಾದ ಕಡೆಯಿಂದಲೂ ಬಂದ ಬಡ ಕಾರ್ಮಿಕರು. ಅವರನ್ನು ಹೆಚ್ಚಾಗಿ ಕೆಲಸಕ್ಕೆ ಸೇರಿಸಿಕೊಳ್ಳುವ ಪರಿಪಾಠಕ್ಕೆ ಒತ್ತುಕೊಟ್ಟವನು ಹೂವರ್ ಎಂಬುದು ನಿಜ, ಆದರೆ ಅದು ಔದಾರ್ಯದಿಂದಲ್ಲ. ಕೆಲಸದ ಅವಧಿಯನ್ನು ಹೆಚ್ಚಿಸಿ, ಭಾನುವಾರದ ದುಪ್ಪಟ್ಟು ಕೂಲಿಯನ್ನು ನಿಲ್ಲಿಸಿ, ಖರ್ಚನ್ನು ಇಳಿಸುವುದು ಅವನ ಗುರಿಯಾಗಿತ್ತು. ಇದನ್ನು ವಿರೋಧಿಸುತ್ತಿದ್ದ ಬ್ರಿಟಿಷ್ ಮೂಲದ ಕಾರ್ಮಿಕರಿಗೆ ಎದುರಾಗಿ ಹೊರನಾಡಿನವರನ್ನು ನಿಲ್ಲಿಸುವುದು ಅವನಿಗೆ ಅನುಕೂಲವಾಗಿತ್ತು.

ಇದರ ಫಲವನ್ನು ಉಂಡವರು ಕಾರ್ಮಿಕರೇ. 1934ರ ಜನವರಿಯಲ್ಲಿ ಕಾಲ್ಗೂರ್ಲಿ ಮತ್ತು ಬೋಲ್ಡರ್‌ಗಳಲ್ಲಿ ಇಟಾಲಿಯನ್ನರ ಹಾಗೂ ಸ್ಲಾವ್ ಜನರ ಮನೆ, ಅಂಗಡಿ, ಹೋಟೆಲುಗಳನ್ನು ಗುಂಪುಗಳು ಸುಟ್ಟುಹಾಕಿದವು. ಎರಡನೆಯ ಮಹಾಯುದ್ಧದಲ್ಲಿ ಇಟಲಿ ಶತ್ರುಪಕ್ಷವಾದಾಗ ಪಶ್ಚಿಮ ಆಸ್ಟ್ರೇಲಿಯಾದ ಅನೇಕ ಇಟಾಲಿಯನ್ನರನ್ನು ಬಂಧನ ಶಿಬಿರಗಳಿಗೆ ಕಳಿಸಲಾಯಿತು. ಗ್ವಾಲಿಯಾದ ತಗಡಿನ ಮನೆಗಳ ಬಾಗಿಲ ಮೇಲಿನ ಕುಟುಂಬಗಳ ಹೆಸರುಗಳನ್ನು ಓದುವಾಗ ಇದು ನೆನಪಿನಲ್ಲಿದ್ದರೆ ಒಳ್ಳೆಯದು. ಅವರ ಜೊತೆಗೆ, ಗಣಿಗಳಿಗೆ ರೈಲು ಬರುವ ಮುನ್ನ ಸಾಮಾನು ಸರಂಜಾಮುಗಳನ್ನೆಲ್ಲ ಒಂಟೆಗಳ ಮೇಲೆ ಸಾಗಿಸಿದವರು ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೇಶಾವರದ ಕಡೆಯ ಜನರು. ಅವರೆಲ್ಲರನ್ನೂ ಅಲ್ಲಿ ‘ಅಫ್ಘಾನ’ರೆಂದೇ ಕರೆದರು, ಊರಂಚಿನಲ್ಲೇ ಇರಿಸಿದರು.

ಸರ್ಕಾರಿ ಹೋಟೆಲಿನ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಿ. ಕಳ್ಳ ಮದ್ಯದ ಮಾರಾಟವನ್ನು ತಡೆಯಲು ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ತಾನೇ ಹೋಟೆಲ್ ತೆರೆದು ಮದ್ಯ ಮಾರಲು ಹೊರಟ ಮೊದಲ ಪ್ರಯೋಗ ಅದು, 1903ರಲ್ಲಿ. ತಗಡಿನ ಊರಿನ ನಡುವೆ ಎರಡಂತಸ್ತಿನ ಇಟ್ಟಿಗೆಯ ಕಟ್ಟಡವಾಗಿ ಅದು ಎದ್ದುನಿಂತಿರುವುದೇ ಸರ್ಕಾರಕ್ಕೆ ಈ ವ್ಯಾಪಾರದಲ್ಲಿದ್ದ ನಂಬಿಕೆಯನ್ನು ಹೇಳುತ್ತದೆ.

ಸೂಪರ್ ಪಿಟ್ ವಿಷಯದಲ್ಲಿ ದಾರಿಹೋಕರೊಂದಿಗೆ ನನಗೆ ಜಗಳವಿಲ್ಲ. ಅದು ದೊಡ್ಡದು, ನೋಡಬೇಕಾದದ್ದೇ. ಆದರೆ ಹಿಂತಿರುಗುವ ದಾರಿಯಲ್ಲಿ ಒಂದು ಗಂಟೆ ನಿಂತು ನೋಡಿದರೆ ಆಯಿತು. ಗ್ವಾಲಿಯಾವನ್ನು ಅವಸರದಲ್ಲಿ ನೋಡುವಂತಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ (ಪ್ರವಾಸಾಸಕ್ತೆ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ‘ಗಣಿ ಬದುಕಿದೆ, ಊರಿಲ್ಲ’ ಎಂಬಲ್ಲಿಗೆ ಬಂದಾಗ ಅವಳೂ ಆಸಕ್ತಿಯಿಂದ ಕೇಳತೊಡಗಿದಳು; ಈಗ ತಾನೇ ರೈಲಿನ ವೇಳಾಪಟ್ಟಿ ನೋಡುತ್ತಿದ್ದಾಳೆ. ಇನ್ನು ಮೂರು ಸಣ್ಣ ಸಂದೇಹಗಳಿವೆ. ಹೂವರ್ ಮನೆಯಲ್ಲಿ ತಂಗಬಹುದೆಂದು ಎಲ್ಲೋ ಓದಿದೆ, ಅದು ನಿಜವೇ? ಗಣಿಯ ಒಳಗೆ ಇಳಿದು ನೋಡುವ ಅವಕಾಶವಿದೆಯೇ? ಅತ್ತೆಯವರು ಆ ಮನೆಗಳ ನಡುವೆ ನಡೆಯಲು ತೊಂದರೆಯಾಗದೇ?

ಉತ್ತರ (ಗಣಿ ಎಂಜಿನಿಯರ್)

ಹೂವರ್ ಮನೆಯಲ್ಲಿ ತಂಗುವುದು ಸಾಧ್ಯ. ಅದನ್ನು ಬೆಳಗಿನ ಉಪಾಹಾರ ಸಹಿತ ಅತಿಥಿಗೃಹವಾಗಿ ನಡೆಸುತ್ತಿದ್ದಾರೆ. ಕೋಣೆಗಳು ಕೆಲವೇ ಇರುವುದರಿಂದ ಹಾಗೂ ಆಗಸ್ಟ್ ಆ ಕಡೆ ಪ್ರವಾಸಿಗರು ಹೆಚ್ಚು ಬರುವ ಕಾಲವಾದ್ದರಿಂದ ಸಾಕಷ್ಟು ಮೊದಲೇ ಕಾಯ್ದಿರಿಸಿ. ಸಿಗದಿದ್ದರೆ ಲಿಯೊನೋರಾದಲ್ಲಿ ತಂಗಬಹುದು. ರಾತ್ರಿ ಅಲ್ಲೇ ಉಳಿದರೆ ಇನ್ನೊಂದು ಅನುಕೂಲ: ಮಧ್ಯಾಹ್ನ ಬಂದು ವಸ್ತುಸಂಗ್ರಹಾಲಯವನ್ನೂ ಯಂತ್ರಗಳನ್ನೂ ನೋಡಿಕೊಂಡು, ಕ್ಯಾಂಪ್‌ಗಳನ್ನು ಮರುದಿನ ಬೆಳಗ್ಗೆ ನೊಣಗಳ ಕಾಟ ಶುರುವಾಗುವ ಮುನ್ನ ನೋಡಬಹುದು. ನೊಣಗಳೆಂದರೆ ಸಾಮಾನ್ಯವಲ್ಲ, ಟೋಪಿಯ ಮೇಲೆ ಹಾಕಿಕೊಳ್ಳುವ ಬಲೆಯನ್ನು ಕಾಲ್ಗೂರ್ಲಿಯಲ್ಲೇ ಕೊಂಡಿರಿ, ನಗುವವರು ನಗಲಿ.

ಗಣಿಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಅದು ಉತ್ಪಾದನೆಯಲ್ಲಿರುವ ಗಣಿ. ಮೇಲಿನಿಂದ ಗುಂಡಿಯನ್ನು ನೋಡಬಹುದಷ್ಟೇ. ಬೇಲಿ ದಾಟಬಾರದೆಂಬುದನ್ನು ಅಲ್ಲಿ ಅಕ್ಷರಶಃ ಪಾಲಿಸಬೇಕು, ಏಕೆಂದರೆ ಗೋಲ್ಡ್‌ಫೀಲ್ಡ್ಸ್‌ನಲ್ಲಿ ಎಲ್ಲೆಂದರಲ್ಲಿ ಹಳೆಯ ಗುಂಡಿಗಳಿವೆ. ಅವುಗಳ ಅಂಚಿನ ಮಣ್ಣು ಗಟ್ಟಿಯಾಗಿ ಕಂಡರೂ ಕೆಳಗೆ ಟೊಳ್ಳಾಗಿರುತ್ತದೆ. ಫೋಟೋ ತೆಗೆಯಲು ಹಿಂದೆ ಹಿಂದೆ ಸರಿಯುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಈಗಲೇ ಎಚ್ಚರಿಸಿಡಿ. ನೆಲದ ಮೇಲೆ ಬಿದ್ದಿರುವ ಹಳೆಯ ಡಬ್ಬಿ, ಬಾಟಲಿ, ಮೊಳೆ ಏನನ್ನೂ ಎತ್ತಿಕೊಳ್ಳಬೇಡಿ. ಆ ಊರಿನಲ್ಲಿ ಕಸವೂ ಸಂಗ್ರಹದ ಭಾಗ. ಚಿನ್ನ ಹುಡುಕುವ ಯಂತ್ರ ಹಿಡಿದು ಸುತ್ತಾಡುವವರು ಆ ಸೀಮೆಯಲ್ಲಿ ಕಾಣಸಿಗುತ್ತಾರೆ, ಆದರೆ ಅದಕ್ಕೆ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಬೇಕು, ಅದಿದ್ದರೂ ಎಲ್ಲ ಕಡೆ ಹುಡುಕುವಂತಿಲ್ಲ.

ಅತ್ತೆಯವರ ವಿಷಯಕ್ಕೆ ಬಂದರೆ, ವಸ್ತುಸಂಗ್ರಹಾಲಯದ ಆವರಣ ಗುಡ್ಡದ ಮೇಲಿದೆ, ಕ್ಯಾಂಪ್‌ಗಳು ಕೆಳಗಿವೆ. ಎರಡರ ನಡುವೆ ನಡೆಯುವ ಬದಲು ಕಾರಿನಲ್ಲೇ ಇಳಿಯಿರಿ. ಕ್ಯಾಂಪ್‌ಗಳಿರುವ ಕಡೆ ನೆಲ ಸಮತಟ್ಟಾಗಿದೆ, ಆದರೆ ಕಲ್ಲುಮಣ್ಣಿನದು. ಹೊಸ್ತಿಲುಗಳು ತಗ್ಗುದಿಣ್ಣೆಯಾಗಿವೆ, ಬಾಗಿಲುಗಳು ಗಿಡ್ಡ. ಚಪ್ಪಲಿಗಿಂತ ಹಿಡಿತವಿರುವ ಶೂ ಒಳ್ಳೆಯದು. ಬಿಸಿಲೇರಿದ ಮೇಲೆ ನೆರಳು ಸಿಗುವುದು ಕಷ್ಟವಾದ್ದರಿಂದ ಅತ್ತೆಯವರಿಗೆಂದು ಒಂದು ಮಡಿಸುವ ಕುರ್ಚಿಯನ್ನು ಕಾರಿನಲ್ಲಿಟ್ಟುಕೊಳ್ಳಿ.